ಎದೆಯಲ್ಲಿ ಯಂತ್ರ, ಕೊರಳಲ್ಲಿ ಕರಡಿಗೆ

ನನ್ನ ಎಡಗಡೆಯ ಕೊರಳೆಲುಬಿನ ಕೆಳಗೆ, ಚರ್ಮದ ಅಡಿಯಲ್ಲಿ ಒಂದು ಯಂತ್ರವಿದೆ. ಸಣ್ಣ ಬಿಸ್ಕತ್ತಿನಷ್ಟು ಅಗಲ, ಅದಕ್ಕಿಂತ ತುಸು ದಪ್ಪ. ಸವರಿದರೆ ಅಂಚು ಕೈಗೆ ಸಿಗುತ್ತದೆ. ಒಳಗೆ ಬ್ಯಾಟರಿಯಿದೆ, ಒಂದು ಚಿಪ್ ಇದೆ. ಅಲ್ಲಿಂದ ಹೊರಟ ತೆಳ್ಳನೆಯ ತಂತಿಯೊಂದು ರಕ್ತನಾಳದೊಳಗೆ ಇಳಿದು ಹೃದಯವನ್ನು ಮುಟ್ಟಿದೆ. ಹೃದಯ ತಾನಾಗಿಯೇ ಬಡಿದರೆ ಯಂತ್ರ ಸುಮ್ಮನಿರುತ್ತದೆ. ತಡಮಾಡಿದರೆ ಸಣ್ಣದೊಂದು ವಿದ್ಯುತ್ತು ಕೊಟ್ಟು ಎಬ್ಬಿಸುತ್ತದೆ. ಕಲಬುರಗಿಯ ದವಾಖಾನೆಯ ಡಾಕ್ಟರರು ಇದನ್ನೆಲ್ಲ ತಿಳಿಸಿ ಹೇಳಿದಾಗ ನಾನು, "ಅಂದ್ರ ವಾರ್ಡನ್ ಕೆಲಸ ಅನ್ರಿ" ಎಂದಿದ್ದೆ. ಅವರು ನಕ್ಕರು. ಆಗ ನನಗೂ ನಗು ಬಂದಿತ್ತು.

ನಾನು ಚಿಂಚೋಳಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿ ದುಡಿದು ನಿವೃತ್ತಳಾದವಳು. ಕುಂಚಾವರಂ ಕಡೆಯ ತಾಂಡಾಗಳಿಂದ ಬರುತ್ತಿದ್ದ ಹುಡುಗಿಯರಿಗೆ ಮೊದಲು ಕಲಿಸುತ್ತಿದ್ದದ್ದು ಗಂಟೆಯ ಅರ್ಥ. ಈ ಗಂಟೆ ಏಳುವುದಕ್ಕೆ, ಇದು ಸ್ನಾನಕ್ಕೆ, ಇದು ಊಟಕ್ಕೆ. ಕನ್ನಡ ಬಾರದ, ಬರೀ ಲಂಬಾಣಿ, ತೆಲುಗು ಆಡುವ ಮಗುವೂ ವಾರದೊಳಗೆ ಕಲಿಯುತ್ತಿತ್ತು. ನಾನು ಮಾತ್ರ ಗಂಟೆಗಿಂತ ಮುಂಚೆ ಎದ್ದು, ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ ನಿಂತಿರುತ್ತಿದ್ದೆ. ಕೊರಳಿನ ಕರಡಿಗೆ ಬಿಚ್ಚಿ, ಒಳಗಿನ ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು, ವಿಭೂತಿ ಹಚ್ಚಿ, ಕಣ್ಣಿನ ಮಟ್ಟಕ್ಕೆ ಹಿಡಿದು ಕೂಡುವ ಆ ಹೊತ್ತಿಗೆ ನನ್ನನ್ನು ಯಾರೂ ಕರೆಯಬಾರದು. ಜ್ವರ ಬಂದರೂ ಅದನ್ನು ತಪ್ಪಿಸಿದವಳಲ್ಲ.

ಮದುವೆಯಾಗಲಿಲ್ಲ. ನಿವೃತ್ತಿಯ ನಂತರ ಶಹಾಬಾದಿಗೆ, ನನ್ನ ತಂಗಿಯ ಮನೆಗೆ ಬಂದೆ. ಆಕೆಗೆ ಗಂಡ ತೀರಿಕೊಂಡಿದ್ದ. ಮಗಳು ಸೇಡಂನಲ್ಲಿ ಸಂಸಾರ ಮಾಡಿಕೊಂಡಿದ್ದಳು. ತಂಗಿ ರವಿಕೆ ಹೊಲಿಯುತ್ತಾಳೆ, ತಡವಾಗಿ ಏಳುತ್ತಾಳೆ, ಚಹಾ ಕುಡಿದ ಮೇಲೆ ಸ್ನಾನದ ಯೋಚನೆ ಮಾಡುತ್ತಾಳೆ. ಬಂದ ಮೊದಲ ವಾರವೇ ನಾನು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಟ್ಟೆ. ಆಕೆ ಸಾಸಿವೆ ಹುಡುಕಿ ಸಾಕಾಗಿ, "ವಾರ್ಡನ್ ಬಾಯಿ, ಇದು ಹಾಸ್ಟೆಲ್ ಅಲ್ಲ, ಮನಿ" ಎಂದಳು. ಆ ಹೆಸರು ಹಾಗೇ ಉಳಿಯಿತು. ಸಿಟ್ಟು ಬಂದಾಗ ನಾನು ವಾರ್ಡನ್ ಬಾಯಿ, ಇಲ್ಲದಿದ್ದರೆ ಯಕ್ಕ.

ಒಂದು ದಿನ ಗಿರಣಿಯಿಂದ ಜೋಳದ ಹಿಟ್ಟು ತರುವಾಗ ದಾರಿಯಲ್ಲಿ ಕಣ್ಣು ಕತ್ತಲಿಟ್ಟು ಬಿದ್ದೆ. ಎಚ್ಚರವಾದಾಗ ಮೈತುಂಬ ಹಿಟ್ಟು. ಯಾರೋ ನನ್ನ ಮುಖ ಒರೆಸುತ್ತಿದ್ದರು. ಇನ್ನೊಮ್ಮೆ ಬಚ್ಚಲಲ್ಲಿ ಬಿದ್ದೆ. ಎದೆಯ ಬಡಿತ ನಡುನಡುವೆ ನಿಂತು ಹೋಗುತ್ತದೆ ಎಂದು ಡಾಕ್ಟರರು ಹೇಳಿದರು. ಅಷ್ಟು ವರ್ಷ ಎಲ್ಲರಿಗಿಂತ ಮುಂಚೆ ಎದ್ದವಳ ಹೃದಯ ಹೀಗೆ ನಡುವೆ ನಿದ್ದೆ ಹೋಗುತ್ತದೆ ಎಂದರೆ ನಂಬಲಾಗಲಿಲ್ಲ. ಆದರೆ ಅದರ ಮೇಲೆ ನನ್ನ ಅಧಿಕಾರವೇನೂ ನಡೆಯುವಂತಿರಲಿಲ್ಲ.

ಆಪರೇಷನ್ ದಿನ ಮೈಮೇಲಿನದೆಲ್ಲ ತೆಗೆಯಿರಿ ಎಂದರು. ಬಳೆ ತೆಗೆದೆ, ಓಲೆ ತೆಗೆದೆ. ಲಿಂಗ ತೆಗೆಯುವುದಿಲ್ಲ ಎಂದೆ. ಅದು ಮೈ ಬಿಟ್ಟಿರಬಾರದು. ನರ್ಸಮ್ಮ ದೊಡ್ಡ ಡಾಕ್ಟರರನ್ನು ಕೇಳಿ ಬಂದಳು. ಕೊನೆಗೆ ಕರಡಿಗೆಯನ್ನು ಅರಿವೆಯಲ್ಲಿ ಸುತ್ತಿ, ಶಿವದಾರದ ಸಮೇತ ನನ್ನ ಬಲಗೈಗೆ ಕಟ್ಟಿದರು. ಅಂದಿನಿಂದ ದವಾಖಾನೆಯಲ್ಲಿ ಅದೇ ಪದ್ಧತಿಯಾಯಿತು. ಇಸಿಜಿ ಮಾಡಬೇಕಾದರೂ, ಎಕ್ಸ್‌ರೇ ತೆಗೆಯಬೇಕಾದರೂ ನಾನೇ ಶಿವದಾರವನ್ನು ಕೊರಳಿಂದ ತೆಗೆದು ಬಲ ಮಣಿಕಟ್ಟಿಗೆ ಸುತ್ತಿಕೊಂಡು ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದೆ. ಯಾರೂ ಹೇಳಬೇಕಾಗಿರಲಿಲ್ಲ.

ಬಿಡುಗಡೆ ಮಾಡುವಾಗ ನಿಯಮ ಹೇಳಿದರು. ಸ್ವಲ್ಪ ದಿನ ಎಡಗೈ ಮೇಲೆತ್ತಬಾರದು. ಮೊಬೈಲು ಎಡಗಡೆ ಇಡಬಾರದು. ದೊಡ್ಡ ಮೋಟಾರು, ವೆಲ್ಡಿಂಗು, ಅಯಸ್ಕಾಂತ, ಇವುಗಳ ಹತ್ತಿರ ಹೋಗಬಾರದು. ನಿಯಮವೆಂದರೆ ನನಗೆ ಹೊಸದಲ್ಲ. ಶಹಾಬಾದ್ ಸ್ಟೇಷನ್ನಿನ ಹತ್ತಿರ ವೆಲ್ಡಿಂಗ್ ಅಂಗಡಿ ಇದೆ ಎಂದು ಆ ಸಾಲನ್ನೇ ಬಿಟ್ಟು ಸುತ್ತಿ ಬಂದೆ. ತಂಗಿ ಮಿಕ್ಸರ್ ಹಚ್ಚಿದರೆ ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದೆ. ಆಕೆಯ ಹೊಲಿಗೆ ಯಂತ್ರವನ್ನು ಮೋಟಾರಿನ ಸಮೇತ ನಡುಮನೆಯಿಂದ ಹಿಂದಿನ ಕೋಣೆಗೆ ಒಯ್ಯಲು ಹೇಳಿದೆ.

"ಕಾಲ್ಲೆ ತುಳಿಯೋದು ಮರ್ತು ಭಾಳ ವರ್ಷ ಆತು ಯಕ್ಕ. ಮೋಟಾರು ಕಸದುಕೊಂಡ್ರ ನಾ ಹೊಟ್ಟಿಗಿ ಏನ್ ತಿನ್ಲಿ?"

"ಹಿಂದಿನ ಕೋಣ್ಯಾಗ ಕುಂತು ಹೊಲಿ. ಯಾರು ಬ್ಯಾಡಂದಾರ?"

"ಅಲ್ಲಿ ಬೆಳಕಿಲ್ಲ."

"ದೀಪ ಹಚ್ಚಿಕೊ."

ಆಕೆ ಹಾಗೇ ಮಾಡಿದಳು. ಬಾಯಿ ಎಷ್ಟು ಮಾಡಿದರೂ ಹೇಳಿದ್ದನ್ನು ಮಾಡುವವಳು.

ಎಡಗೈ ಎತ್ತಬಾರದೆಂಬ ನಿಯಮವೊಂದು ಮಾತ್ರ ಕಷ್ಟವಾಯಿತು. ಲಿಂಗವನ್ನು ಹಿಡಿಯುವುದು ಎಡಗೈಯಲ್ಲಿ. ಕೈಯ ಬದಲು ತಲೆ ಬಗ್ಗಿಸಿ ಪೂಜೆ ಮಾಡಿಕೊಂಡೆ. ಅದೂ ದಾಟಿತು. ದಾಟದೆ ಉಳಿದದ್ದು ಬೆರಳುಗಳು. ವರ್ಷಗಳಿಂದ ಗಂಟು ಕಟ್ಟುತ್ತಿದ್ದ ನನ್ನ ಬೆರಳುಗಳು ಆ ಚಳಿಗಾಲದಲ್ಲಿ ಪೂರ್ತಿ ಬಿಗಿದುಕೊಂಡವು. ನನ್ನ ಹಳೆಯ ಕರಡಿಗೆಗೆ ತಿರುಪಿನ ಮುಚ್ಚಳ. ಅವ್ವ ಕೊಡಿಸಿದ್ದು. ಬೆಳಿಗ್ಗೆ ತಣ್ಣೀರಿನಲ್ಲಿ ಮಿಂದು ಕೂತರೆ ಆ ತಿರುಪು ಒಂದಿಷ್ಟೂ ಅಲುಗುತ್ತಿರಲಿಲ್ಲ. ಬಟ್ಟೆ ಹಿಡಿದು ತಿರುಗಿಸಿದೆ. ಹಲ್ಲಿನಿಂದ ತೆಗೆಯಲು ಮನಸ್ಸು ಒಪ್ಪಲಿಲ್ಲ. ಕರಡಿಗೆ ಬಿಟ್ಟು ಅರಿವೆಯಲ್ಲಿ ಕಟ್ಟಿಕೊಂಡು ನೋಡಿದೆ, ಗಂಟು ಬಿಚ್ಚಲೂ ಅದೇ ಬೆರಳು ಬೇಕಲ್ಲ. ಒಂದು ಮುಂಜಾನೆ ತಂಗಿ ಚಹಾ ಹಿಡಿದು ಬಂದಾಗ ನಾನು ಇನ್ನೂ ಮುಚ್ಚಳದೊಡನೆ ಜಗ್ಗಾಡುತ್ತಿದ್ದೆ. ಆಕೆ ಚಹಾ ಕೆಳಗಿಟ್ಟು ನನ್ನ ಬೆರಳುಗಳನ್ನೇ ನೋಡಿದಳು. ಹಾಗೆ ನೋಡಿದರೆ ಏನೋ ಯೋಚಿಸುತ್ತಿದ್ದಾಳೆ ಎಂದೇ ಅರ್ಥ.

ಸ್ವಲ್ಪ ದಿನದ ಮೇಲೆ ಚಿತ್ತಾಪುರಕ್ಕೆ ಮದುವೆಗೆಂದು ಹೋದವಳು ಹೊಸ ಬೆಳ್ಳಿಯ ಕರಡಿಗೆ ತಂದು ನನ್ನ ಮುಂದಿಟ್ಟಳು. ಎರಡು ಹೋಳು. ತಿರುಪಿಲ್ಲ, ಕೊಂಡಿಯಿಲ್ಲ. ಹತ್ತಿರ ತಂದರೆ ಟಕ್ ಎಂದು ಮುಚ್ಚಿಕೊಳ್ಳುತ್ತದೆ, ಉಗುರಿನಿಂದ ಮೀಟಿದರೆ ಬಿಚ್ಚಿಕೊಳ್ಳುತ್ತದೆ.

"ಪತ್ತಾರಗ ಹೇಳಿ ಮಾಡಿಸೀನಿ. ಮುದುಕರಿಗೆ ಅಂತ ಹೊಸ ನಮೂನಿ ಬಂದಾವಂತ. ಬಿಚ್ಚು ನೋಡೂನು."

ಬಿಚ್ಚಿದೆ. ಮುಚ್ಚಿದೆ. ಮತ್ತೆ ಬಿಚ್ಚಿದೆ. ಒಳಗೆ ಸ್ಪ್ರಿಂಗ್ ಇರಬೇಕು ಎಂದುಕೊಂಡೆ. ಅಂಚಿನಲ್ಲೆಲ್ಲ ನುಣ್ಣಗೆ ಬೆಳ್ಳಿಯ ತಗಡು ಹೊದಿಸಿತ್ತು. ಕಣ್ಣಿಗೆ ಬೇರೇನೂ ಕಾಣುವಂತಿರಲಿಲ್ಲ.

"ಮುದುಕಿ ಯಾರು?" ಎಂದೆ.

"ನಾನೇ. ನೀ ಇನ್ನಾ ಕುಮಾರಿ" ಎಂದು ನಕ್ಕಳು.

ಮರುದಿನದಿಂದ ನನ್ನ ಪೂಜೆ ಮತ್ತೆ ನನ್ನದಾಯಿತು. ಯಾರನ್ನೂ ಕೇಳದೆ ಏಳುವುದು, ಮೀಯುವುದು, ಬಿಚ್ಚುವುದು, ಮುಚ್ಚುವುದು. ಅದರ ಸಂತೋಷವನ್ನು ನಾನು ತಂಗಿಗೆ ಬಾಯಿಬಿಟ್ಟು ಹೇಳಲಿಲ್ಲ. ಡಬ್ಬಿಗಳನ್ನು ಆಕೆಗೆ ಬೇಕಾದಂತೆ ಇಟ್ಟುಕೊಳ್ಳಲು ಬಿಟ್ಟೆ.

ತೊಂದರೆ ಶುರುವಾದದ್ದು ಒಂದು ಮಧ್ಯಾಹ್ನ. ಊಟ ಮಾಡಿ ಫರಸಿಯ ಮೇಲೆ ಚಾಪೆ ಹಾಸಿ ಅಡ್ಡಾಗಿದ್ದೆ. ಶಹಾಬಾದಿನ ಬೇಸಿಗೆಯಲ್ಲಿ ಆ ಕಲ್ಲಿನ ನೆಲದಷ್ಟು ತಂಪು ಮತ್ತೊಂದಿಲ್ಲ. ಇದ್ದಕ್ಕಿದ್ದಂತೆ ಎದೆ ಬೇರೆಯದೇ ಲೆಕ್ಕದಲ್ಲಿ ಬಡಿಯತೊಡಗಿತು. ಓಡಿ ಬಂದಾಗಿನ ಬಡಿತವಲ್ಲ. ಅದು ಏರುತ್ತದೆ, ಇಳಿಯುತ್ತದೆ. ಇದು ಏರಲೂ ಇಲ್ಲ, ಇಳಿಯಲೂ ಇಲ್ಲ. ಒಂದೇ ಸಮ, ಜೋರಾಗಿ, ಒಳಗೆ ಯಾರೋ ನನ್ನನ್ನು ಕೇಳದೆ ಗಂಟೆ ಹೊಡೆಯುತ್ತಿರುವಂತೆ. ನಡುವೆ ನನ್ನದೇ ಬಡಿತ ಅಡ್ಡ ಬಂದು ಕೊರಳಿಗೆ ಒತ್ತುತ್ತಿತ್ತು. ಕರಡಿಗೆಯನ್ನು ಎದೆಗೆ ಒತ್ತಿ ಹಿಡಿದುಕೊಂಡೆ. ಕಣ್ಣು ಮುಚ್ಚಿ ಶಿವನಾಮ ಹೇಳಿದೆ. ನಿಲ್ಲಲಿಲ್ಲ. ಇನ್ನೂ ಗಟ್ಟಿಯಾಗಿ ಒತ್ತಿಕೊಂಡೆ. ಬೆವರಿದೆ. ಕೊನೆಗೆ ತಡೆಯಲಾರದೆ ನೀರಿಗೆಂದು ಎದ್ದು ಕೂತೆ. ನಾಲ್ಕು ಗುಟುಕು ಕುಡಿಯುವುದರೊಳಗೆ ಎಲ್ಲ ಸರಿಹೋಯಿತು. ದೇವರು ಕೇಳಿಸಿಕೊಂಡ ಎಂದುಕೊಂಡೆ.

ಮತ್ತೆ ಬಂತು. ಮತ್ತೆ ಮತ್ತೆ ಬಂತು. ಕೆಲವೊಮ್ಮೆ ಎರಡು ದಿನ ಇಲ್ಲ, ಕೆಲವೊಮ್ಮೆ ಮಲಗಿದ ಕೂಡಲೇ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಅದಕ್ಕೆ ಹೊತ್ತಿಲ್ಲ ಎಂಬುದು. ಊಟ ಬದಲಿಸಿದೆ, ಚಹಾ ಬಿಟ್ಟೆ, ಗುಳಿಗೆಯನ್ನು ಹೊತ್ತಿಗೆ ಸರಿಯಾಗಿ ನುಂಗಿದೆ. ಯಾವ ಶಿಸ್ತಿಗೂ ಅದು ಮಣಿಯಲಿಲ್ಲ.

ಕಲಬುರಗಿಗೆ ಹೋದೆವು. ಇಸಿಜಿ ಸರಿಯಿತ್ತು. ಇನ್ನೊಮ್ಮೆ ಹೋದೆವು. ಆಗಲೂ ಸರಿಯಿತ್ತು. ಎಕ್ಸ್‌ರೇಯಲ್ಲಿ ತಂತಿ ಇದ್ದಲ್ಲೇ ಇತ್ತು. ಡಾಕ್ಟರರು ಒಳ್ಳೆಯವರು, ಆದರೆ ಅವರ ದನಿಯಲ್ಲಿ ಏನೋ ಬದಲಾಗಿತ್ತು. ಹಾಸ್ಟೆಲಿನಲ್ಲಿ ಹೊಟ್ಟೆನೋವೆಂದು ಶಾಲೆ ತಪ್ಪಿಸುವ ಹುಡುಗಿಯರೊಡನೆ ನಾನು ಮಾತಾಡುತ್ತಿದ್ದ ದನಿ ಅದು.

"ಒಬ್ಬರೇ ಇರ್ತೀರೇನ್ರಿ? ಮನಸ್ಸಿಗಿ ಏನರ ಹಚ್ಚಿಕೊಂಡೀರೇನು?"

"ತಂಗಿ ಅದಾಳ್ರಿ. ಮನಸ್ಸಿಗಿ ಏನೂ ಇಲ್ಲ. ಎದಿ ಹೊಡಕೊಂತದ."

"ಈಗ ಹೊಡಕೊಳ್ಳಾಕತ್ತದೇನು?"

"ಈಗಿಲ್ರಿ."

ಅವರು ಕಾಗದದ ಪಟ್ಟಿಯನ್ನು ನನ್ನತ್ತ ತಿರುಗಿಸಿ ತೋರಿಸಿದರು. ಒಂದೇ ಅಳತೆಯ ಗೆರೆಗಳು, ಸಾಲಾಗಿ. ಇಷ್ಟು ಚೊಕ್ಕವಾದ ಸಾಕ್ಷಿ ಎದುರಿಗಿದ್ದರೆ ನಾನೂ ಆ ಹುಡುಗಿಯನ್ನು ಶಾಲೆಗೆ ಕಳಿಸಿಯೇ ಬಿಡುತ್ತಿದ್ದೆ.

ಮೂರನೆಯ ಸಲ ಹೋದಾಗ ಅವರು ಬೇರೆ ಮಾತು ಆಡಿದರು. ತಂತಿಯ ತುದಿ ಒಳಗೆ ಸಡಿಲಾಗಿದ್ದರೆ ಚಿತ್ರದಲ್ಲಿ ಕಾಣದೆಯೂ ಇರಬಹುದು. ಯಂತ್ರದ ಕಂಪನಿಯ ತಂತ್ರಜ್ಞ ತಿಂಗಳಿಗೊಮ್ಮೆ ಬರುತ್ತಾನೆ, ಅವನು ನೋಡಲಿ. ಹೀಗೇ ಮುಂದುವರಿದರೆ ಮತ್ತೆ ಬಿಚ್ಚಿ ನೋಡಬೇಕಾಗುತ್ತದೆ.

ಬಿಚ್ಚಿ ನೋಡುವುದು. ಆ ಮಾತು ಬಸ್ಸಿನಲ್ಲಿ ನನ್ನ ಜೊತೆಗೇ ಬಂತು. ಮೊದಲ ಸಲ ಧೈರ್ಯವಿತ್ತು, ಏನಾಗುತ್ತದೆಂದು ಗೊತ್ತಿರಲಿಲ್ಲ. ಈಗ ಗೊತ್ತಿತ್ತು. ಎಚ್ಚರದಲ್ಲಿರುವಾಗಲೇ ಚರ್ಮದಡಿ ಬೆರಳು ತೂರಿಸಿ ಜಾಗ ಮಾಡುವುದು, ತಂತಿಯನ್ನು ಮುಂದೆ ದೂಡುವುದು. ಈ ವಯಸ್ಸಿನಲ್ಲಿ ಹಳೆಯ ತಂತಿ ಕೀಳುವುದು ಹೊಸದನ್ನು ಹಾಕಿದಷ್ಟು ಸುಲಭವಲ್ಲ ಎಂದೂ ಡಾಕ್ಟರರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ತಂಗಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಗೆಚಾಟಿಕೆ ಇರಲಿಲ್ಲ.

"ಯಕ್ಕ, ಖರೆ ಹೇಳು. ಭಾಳ ತ್ರಾಸ ಆಗ್ತದೇನು? ಇಲ್ಲಾ, ಜರಾ ಜರಾನೋ?"

"ನಿನಗೂ ನಂಬಿಕಿ ಇಲ್ಲೇನು?"

"ನಂಬಿಕಿ ಇಲ್ಲಂತಲ್ಲ. ಜರಾ ಇದ್ರ ತಡಕೊಂಡು ಇರಬಹುದಲ್ಲ ಅಂತ. ಮತ್ತ ಕೊಯ್ಸೋದು ಬ್ಯಾಡ."

ಅಂದಿನಿಂದ ಎದೆ ಹೊಡೆದುಕೊಂಡರೆ ಹೇಳುವುದನ್ನೂ ಬಿಟ್ಟೆ. ಗೋಡೆಯ ಕಡೆ ತಿರುಗಿ, ಕರಡಿಗೆಯನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡು, ತಂಗಿಗೆ ಗೊತ್ತಾಗದಂತೆ ಬಾಯಿ ಮುಚ್ಚಿ ಮಲಗಿರುತ್ತಿದ್ದೆ. ಅಷ್ಟು ದಿನ ನಂಬಿ ನಡೆದವಳಿಗೆ ಬೇಡಿದಷ್ಟೂ ಹೆಚ್ಚಾಗುವ ಈ ಬಡಿತ ಏಕೆ ಎಂದು ಕೇಳಬೇಕೆನಿಸುತ್ತಿತ್ತು. ಯಾರನ್ನು ಕೇಳಲಿ?

ತಂತ್ರಜ್ಞ ಬರುವ ದಿನ ಹೋದೆವು. ಹೈದರಾಬಾದಿನ ಕಡೆಯವನು, ಟೈ ಕಟ್ಟಿದ್ದ, ಕನ್ನಡದೊಳಗೆ ಹಿಂದಿ ಬೆರೆಸಿ ಆಡುತ್ತಿದ್ದ. ನನ್ನನ್ನು ಮಂಚದ ಮೇಲೆ ಮಲಗಿಸಿದ. ನಾನು ಎಂದಿನಂತೆ ಶಿವದಾರ ತೆಗೆದು ಬಲ ಮಣಿಕಟ್ಟಿಗೆ ಸುತ್ತಿ, ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಪಕ್ಕಕ್ಕಿಟ್ಟೆ. ತಂಗಿ ಅದೇ ಕಡೆ ಸ್ಟೂಲಿನ ಮೇಲೆ ಕೂತಿದ್ದಳು. ಅವನು ಎದೆಯ ಮೇಲೆ ಏನೋ ಇಟ್ಟು ಕಂಪ್ಯೂಟರ್ ನೋಡಿದ. ತಂತಿ ಸರಿ, ಬ್ಯಾಟರಿ ಸರಿ, ಎಲ್ಲಾ ಸರಿ ಎಂದ. ಹೊರಡುವ ಮುನ್ನ ಇನ್ನೊಂದು ಪರೀಕ್ಷೆ ಇದೆ ಎಂದು ಚೀಲದಿಂದ ಬಳೆಯಾಕಾರದ ದಪ್ಪನೆಯ ವಸ್ತುವೊಂದನ್ನು ತೆಗೆದ.

"ಅಮ್ಮಾ, ಈಗ ಇದು ಇಡ್ತೀನಿ. ಜರಾ ಫರಕ್ ಅನಿಸ್ತದ. ಘಾಬರಿ ಆಗಬ್ಯಾಡ್ರಿ."

ಇಟ್ಟ. ಮರುಗಳಿಗೆಯೇ ಶುರುವಾಯಿತು. ಒಂದೇ ಸಮ, ಜೋರಾಗಿ, ಏರದೆ ಇಳಿಯದೆ.

"ಇದೇ!" ಎಂದು ಕೂಗಿದೆ. "ಇದೇ ನೋಡ್ರಿ! ಮನ್ಯಾಗ ಬರೋದು ಇದೇ!"

ಅವನು ಆ ಬಳೆಯನ್ನು ತಟ್ಟನೆ ಎತ್ತಿದ. ಬಡಿತ ನಿಂತು ಎಂದಿನದು ಬಂತು. ಮತ್ತೆ ಇಟ್ಟ. ಮತ್ತೆ ಅದೇ. ಅವನ ಮುಖ ಬದಲಾಯಿತು.

"ಇದು ಮ್ಯಾಗ್ನೆಟ್ ಅಮ್ಮಾ. ಇದು ಹತ್ರ ಬಂದ್ರ ಮಶೀನು ನಿಮ್ಮ ದಿಲ್ ಏನು ಮಾಡ್ತದ ನೋಡೋದು ಬಿಟ್ಟು ತನ್ನದೇ ಸ್ಪೀಡ್‌ನಾಗ ಹೊಡೀತದ. ಮನ್ಯಾಗ ಮ್ಯಾಗ್ನೆಟ್ ಏನರ ಅದೇನ್ರಿ?"

"ಇಲ್ಲ" ಎಂದೆ. ಖಂಡಿತವಾಗಿ ಎಂದೆ. ಮೊಬೈಲು ಎಲ್ಲಿಡುತ್ತೇನೆ, ಹೊಲಿಗೆ ಮೋಟಾರು ಎಲ್ಲಿದೆ, ಯಾವ ದಾರಿಯಲ್ಲಿ ನಡೆಯುತ್ತೇನೆ, ಎಲ್ಲ ಹೇಳಿದೆ. ಅವನು ತಲೆಯಾಡಿಸುತ್ತ ಆ ಬಳೆಯನ್ನು ಚೀಲಕ್ಕೆ ಹಾಕಲು ನನ್ನ ಬಲಗಡೆಗೆ ಬಾಗಿದ. ಮಾತಿನ ಭರದಲ್ಲಿ ನನ್ನ ಮುಷ್ಟಿ ಸಡಿಲಾಗಿತ್ತು. ಕರಡಿಗೆ ನನ್ನ ಅಂಗೈಯಿಂದ ಜಿಗಿದು ಟಕ್ ಎಂದು ಆ ಬಳೆಗೆ ಹೋಗಿ ಅಂಟಿತು. ಶಿವದಾರ ನನ್ನ ಮಣಿಕಟ್ಟಿನಿಂದ ಅವನ ಕೈಯವರೆಗೆ ಬಿಗಿಯಾಗಿ ನಿಂತಿತು.

ಅವನೇ ಮೊದಲು ಕೇಳಿದ, "ಇದೇನಮ್ಮಾ?"

ತಂಗಿ ಹೇಳಿದಳು, "ಬೆಳ್ಳೀದರಿ. ಬರೇ ಬೆಳ್ಳೀದು." ಆಮೇಲೆ ಸ್ಟೂಲಿನಿಂದ ಎದ್ದು ಗೋಡೆ ಹಿಡಿದು ನಿಂತಳು.

ಎರಡು ಹೋಳಿನ ಅಂಚಿನಲ್ಲಿ, ಬೆಳ್ಳಿಯ ತಗಡಿನ ಕೆಳಗೆ, ತೊಗರಿಬೇಳೆಯಷ್ಟು ಸಣ್ಣ ಅಯಸ್ಕಾಂತಗಳನ್ನು ಪತ್ತಾರ ಕೂಡಿಸಿದ್ದ. ನಾನು ಮಂಚದ ಮೇಲೆ ಮಲಗಿಯೇ ಎಲ್ಲವನ್ನೂ ಜೋಡಿಸಿ ನೋಡಿದೆ. ನಿಂತಾಗ ಕರಡಿಗೆ ಕೆಳಗೆ ಜೋತುಬೀಳುತ್ತದೆ, ಯಂತ್ರದಿಂದ ದೂರ. ಮಲಗುವಾಗ ಲಿಂಗ ಮೈಯ ಅಡಿಗೆ ಹೋಗಬಾರದೆಂದು ಅದನ್ನು ಮೇಲಕ್ಕೆ ಸರಿಸಿ ರವಿಕೆಯೊಳಗೆ ಎಡಕ್ಕೆ ಸಿಕ್ಕಿಸಿಕೊಳ್ಳುವುದು ಚಿಕ್ಕಂದಿನ ರೂಢಿ. ಯಂತ್ರ ಕೂಡಿಸಿದ ಮೇಲೆ ಅದರ ಉಬ್ಬು ಕರಡಿಗೆಗೆ ಒಳ್ಳೆಯ ಆಸರೆಯಾಗಿತ್ತು, ಜಾರುತ್ತಿರಲಿಲ್ಲ. ಸೆರಗಿನ ಪಿನ್ನು ಆಗಾಗ ಕರಡಿಗೆಗೆ ಹಿಡಿದುಕೊಳ್ಳುತ್ತಿದ್ದದ್ದೂ ನೆನಪಾಯಿತು. ದಾರಕ್ಕೆ ಸಿಕ್ಕಿದೆ ಎಂದು ಬಿಡಿಸಿ ಬಿಡಿಸಿ ಇಡುತ್ತಿದ್ದೆ. ಮತ್ತು ಎದೆ ಹೊಡೆದುಕೊಂಡಾಗಲೆಲ್ಲ ನಾನು ಮಾಡುತ್ತಿದ್ದದ್ದು ಒಂದೇ. ಅದನ್ನೇ ಒತ್ತಿ ಹಿಡಿಯುವುದು. ಬಡಿತ ನಿಲ್ಲಲಿ ಎಂದು ಬೇಡಿಕೊಳ್ಳುತ್ತ, ಅದನ್ನು ಬರಿಸುವುದನ್ನೇ ನನ್ನ ಕೈಯಿಂದ ಒತ್ತುತ್ತಿದ್ದೆ.

ಡಾಕ್ಟರರು ಬಂದು, ಬಿಚ್ಚುವುದೇನೂ ಬೇಡ, ಇದನ್ನು ಮಾತ್ರ ಹಾಕಿಕೊಳ್ಳಬೇಡಿರಿ ಎಂದರು. "ತಪ್ಪು ತಿಳೀಬ್ಯಾಡ್ರಿ, ನಮಗೂ ಹೊಳೀಲಿಲ್ಲ" ಎಂದೂ ಅಂದರು. ನಾನು ಲಿಂಗವನ್ನು ಕರವಸ್ತ್ರದಲ್ಲಿ ಸುತ್ತಿ ತಂಗಿಯಿಂದ ಕೊರಳಿಗೆ ಕಟ್ಟಿಸಿಕೊಂಡೆ.

ಬಸ್ಸಿನಲ್ಲಿ ಆಕೆ ಅತ್ತಳು. "ನಾನೇ ಕೊಲ್ಲಾಕತ್ತಿದ್ದೆನಲ್ಲ ಯಕ್ಕ. ಜರಾ ಜರಾ ಇದ್ರ ತಡಕೊ ಅಂದೆನಲ್ಲ."

"ಸುಮ್ಕಿರು. ಮಂದಿ ನೋಡಾಕತ್ತಾರ."

"ನೋಡ್ಲಿ. ಮೊದಲು ಇದನ್ನ ದಂಡೋತಿ ಹೊಳಿಗಿ ಒಗೀತೀನಿ."

"ಬೆಳ್ಳಿ ಅದ. ಯಾರರ ಹೊಳಿಗಿ ಒಗೀತಾರೇನು ಹುಚ್ಚಿ?"

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಅಳುವ ಹುಡುಗಿಯರಿಗೆ ಮುಖ ತೊಳೆದು ಬಾ ಎನ್ನುತ್ತಿದ್ದೆ, ಅಷ್ಟೇ. ತಂಗಿಯ ಮೊಳಕೈ ಹಿಡಿದು ಕೂತೆ. ಶಹಾಬಾದ್ ಬರುವವರೆಗೆ ಬಿಡಲಿಲ್ಲ.

ಆ ಕರಡಿಗೆ ಈಗ ಒಳಕೋಣೆಯ ಕಬ್ಬಿಣದ ಅಲಮಾರಿಗೆ ಅಂಟಿಕೊಂಡಿದೆ. ತಂಗಿ ಅದನ್ನು ಒಳಗಿಡಲು ಹೋದಾಗ ಬಾಗಿಲಿಗೇ ಹಿಡಿದುಕೊಂಡಿತು. ಆಕೆ ಕೀಳಲಿಲ್ಲ. ನಾನು ಆ ಕಡೆ ಹೋಗುವುದಿಲ್ಲ.

ನನ್ನ ಕೊರಳಿಗೆ ಮತ್ತೆ ಅವ್ವನ ಕರಡಿಗೆ ಬಂದಿದೆ. ತಿರುಪಿನ ಮುಚ್ಚಳ. ಎಣ್ಣೆ ಹಚ್ಚಿ ನೋಡಿದೆವು, ಸಡಿಲು ಬಿಟ್ಟು ನೋಡಿದೆವು. ಸಡಿಲಿದ್ದರೆ ಲಿಂಗ ಎಲ್ಲಿ ಬಿದ್ದೀತೋ ಎಂಬ ಹೆದರಿಕೆ, ಬಿಗಿಯಿದ್ದರೆ ನನ್ನ ಬೆರಳಿಗೆ ಆಗದು. ಹಾಗಾಗಿ ದಿನಾ ಮುಂಜಾನೆ ತಂಗಿ ಬಿಚ್ಚಿಕೊಡುತ್ತಾಳೆ. ಮೀಯದ ಕೈಯಿಂದ ಬಿಚ್ಚುವಂತಿಲ್ಲ. ಆದ್ದರಿಂದ ಜನ್ಮದಲ್ಲಿ ಬೇಗ ಏಳದವಳು ಈಗ ಕತ್ತಲಿರುವಾಗಲೇ ಎದ್ದು ಸ್ನಾನ ಮಾಡುತ್ತಾಳೆ. ನಾನು ಮಿಂದು, ವಿಭೂತಿ ತೆಗೆದಿಟ್ಟುಕೊಂಡು, ಮಣೆಯ ಮೇಲೆ ಕೂತು, ಬಚ್ಚಲಿನಲ್ಲಿ ನೀರಿನ ಸಪ್ಪಳ ಯಾವಾಗ ಬಂದೀತು ಎಂದು ಕಿವಿಗೊಟ್ಟಿರುತ್ತೇನೆ. ಆಕೆ ಒದ್ದೆ ಕೂದಲಿನಲ್ಲಿ ಬಂದು ಒಂದೇ ತಿರುವಿಗೆ ಬಿಚ್ಚಿ, "ಹಿಡಿ, ವಾರ್ಡನ್ ಬಾಯಿ" ಎಂದು ಅಂಗೈಗೆ ಇಡುತ್ತಾಳೆ. ಮುಗಿದ ಮೇಲೆ ಮುಚ್ಚಲೂ ಆಕೆಯೇ ಬರಬೇಕು. ಅಲ್ಲಿಯವರೆಗೆ ನಾನು ಕೈಯಲ್ಲಿ ಹಿಡಿದು ಕೂತಿರುತ್ತೇನೆ.

ಎದೆ ಈಗ ಹಾಗೆ ಹೊಡೆದುಕೊಳ್ಳುವುದಿಲ್ಲ. ಆದರೂ ಒಮ್ಮೊಮ್ಮೆ ಭಯವಾಗುತ್ತದೆ, ಕಾರಣವಿಲ್ಲದೆ. ಆಗ ಕೈ ರೂಢಿಯಂತೆ ಕರಡಿಗೆಗೆ ಹೋಗುತ್ತದೆ, ಎದೆಗೆ ತರುವ ಮುಂಚೆ ನಡುವೆ ನಿಲ್ಲುತ್ತದೆ. ಇದರಲ್ಲಿ ಏನೂ ಇಲ್ಲ, ಬರೇ ಬೆಳ್ಳಿ, ಒತ್ತಿಕೊಂಡರೆ ತೊಂದರೆಯಿಲ್ಲ ಎಂದು ಬುದ್ಧಿಗೆ ಗೊತ್ತು. ಕೈಗೆ ಗೊತ್ತಿಲ್ಲ.

ಮೊನ್ನೆ ತಂಗಿಗೆ ಜ್ವರ ಬಂತು. ನೀರಿನ ಸಪ್ಪಳ ಬರಲಿಲ್ಲ. ಹೋಗಿ ನೋಡಿದೆ, ಹೊದಿಕೆ ತಲೆಯವರೆಗೆ ಎಳೆದುಕೊಂಡು ಮಲಗಿದ್ದಳು. ಹಣೆ ಮುಟ್ಟಿದರೆ ಸುಡುತ್ತಿತ್ತು. ಒಂದು ಹಾಲ್ ತುಂಬ ಹುಡುಗಿಯರನ್ನು ಒಂದೇ ಗಂಟೆಗೆ ಎಬ್ಬಿಸಿದವಳು ನಾನು. ಆಕೆಯ ಹೆಸರು ಹಿಡಿದು ಕರೆಯಲೂ ಬಾಯಿ ಬರಲಿಲ್ಲ. ಮಣೆಗೆ ಮರಳಿ ಮುಚ್ಚಳದೊಡನೆ ಇನ್ನೊಮ್ಮೆ ಹೆಣಗಿದೆ. ಬೆಳಕಾಯಿತು. ಪೂಜೆಯ ಹೊತ್ತು ಮೀರಿತು. ಕೊನೆಗೆ ಮುಚ್ಚಿದ ಕರಡಿಗೆಯನ್ನೇ ಎಡಗೈಯಲ್ಲಿಟ್ಟು ಅದರ ಮೇಲೆಯೇ ವಿಭೂತಿ ಹಚ್ಚಿದೆ, ಕಣ್ಣಿನ ಮಟ್ಟಕ್ಕೆ ಹಿಡಿದೆ.

ಬಿಸಿಲೇರಿದ ಮೇಲೆ ಗಂಜಿ ಕುಡಿಸುವಾಗ ತಂಗಿ ನನ್ನ ಕೊರಳು ನೋಡಿದಳು. ಮುಚ್ಚಳದ ತಿರುಪಿನ ಗೆರೆಗಳಲ್ಲಿ ಬೂದಿ ಕೂತಿತ್ತು.

"ಎಬ್ಬಿಸಬಾರದಾಗಿತ್ತೇನು?" ಎಂದಳು.

"ಗಂಜಿ ಆರ್ತದ, ಕುಡಿ" ಎಂದೆ.